ಟ್ರೇಲರಿನಲ್ಲಿ ಎಸೆಯದ ಕಲ್ಲು

ಮಗ ತಂದಿಟ್ಟ ಕಾಫಿಯನ್ನು ತಂದೆ ಮುಟ್ಟದೆ ಆರಲು ಬಿಟ್ಟರೆ ಆ ಮನೆಯಲ್ಲಿ ಏನೋ ನಡೆದಿದೆಯೆಂದು ತಿಳಿಯಲು, ಗೆಳೆಯರೇ, ಹೆಚ್ಚಿನ ಪಾಂಡಿತ್ಯ ಬೇಕಾಗುವುದಿಲ್ಲ. ಸಂತೆಬಾಚಹಳ್ಳಿಯಲ್ಲಿ ನಮ್ಮ ನೆರೆಯವರಾದ ನಿಂಗೇಗೌಡರ ಜಗಲಿಯ ಮೇಲೆ ಮೊನ್ನೆ ಬೆಳಿಗ್ಗೆ ನಾನು ಕಂಡದ್ದು ಅಂಥದೊಂದು ಲೋಟ. ಆಗಲೇ ಕೆನೆ ಕಟ್ಟಿತ್ತು. ಕಾರಣ, ಒಂದು ಸಿನಿಮಾ ಟ್ರೇಲರು.

ಚಿತ್ರ ನಮ್ಮ ಸೀಮೆಯ ಹಳೆಯ ತಲೆಮಾರಿನ ನಾಯಕರೊಬ್ಬರ ಬದುಕನ್ನು ಕುರಿತದ್ದು. ನಾಗಮಂಗಲದ ಹತ್ತಿರದ ಬಯಲಿನಲ್ಲಿ ಜನಸಂದಣಿಯ ದೃಶ್ಯಗಳನ್ನು ತೆಗೆದಾಗ, ಡೈರಿಗೆ ಹಾಲು ಹಾಕಿಕೊಂಡಿರುವ ಗೌಡರ ಮಗ ಮಹದೇವನೂ ಪಂಚೆಯುಟ್ಟು, ಟವಲು ಸುತ್ತಿ ಹೋಗಿದ್ದ. ಬೆಳಿಗ್ಗೆ ನಾಯಕರಿಗೆ ಹಾರ ಹಾಕುವ ಗುಂಪು. ಊಟವಾದ ಮೇಲೆ ಟವಲಿನ ಬಣ್ಣ ಬದಲಿಸಿಕೊಂಡು ಅದೇ ಜನ ಕಲ್ಲೆಸೆಯುವ ಗುಂಪು. ಟ್ರೇಲರಿನಲ್ಲಿ ಉಳಿದದ್ದು ಮಧ್ಯಾಹ್ನದ ಮಹದೇವ ಮಾತ್ರ.

ನಾನು ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ, ಪಾಠದ ಸಾರಾಂಶ ಬರೆಯಿರೆಂದರೆ ಮಕ್ಕಳು ಜಗಳಗಳನ್ನೆಲ್ಲ ಜತನವಾಗಿ ಉಳಿಸಿಕೊಂಡು, ರಾಜಿಯನ್ನೂ ದುಡಿಮೆಯನ್ನೂ ಕೈಬಿಡುತ್ತಿದ್ದರು. ಟ್ರೇಲರಿನ ರೀತಿಯೂ ಅದೇ. ಶ್ರೀರಂಗಪಟ್ಟಣದ ಕೋಟೆಗೋಡೆ ಮಿಂಚಿ ಮರೆಯಾಗುತ್ತದೆ; ಪಾಂಡವಪುರದ ಕಬ್ಬಿನ ಗದ್ದೆಯ ನಡುವೆ ನಾಯಕರು ಒಬ್ಬರೇ ನಡೆದು ಬರುತ್ತಾರೆ; ನಗಾರಿ ಮೊಳಗುತ್ತದೆ. ಕಡತ ಓದುತ್ತಲೋ ಯಾರದೋ ಅಹವಾಲಿಗೆ ತಲೆದೂಗುತ್ತಲೋ ಅವರು ಕಳೆದಿರಬಹುದಾದ ಎಷ್ಟೋ ಮಧ್ಯಾಹ್ನಗಳಿಗೆ ಅಲ್ಲಿ ಒಂದು ಕ್ಷಣದ ಜಾಗವೂ ಇಲ್ಲ. ದೂರುವುದಕ್ಕಾಗಿ ಹೇಳುತ್ತಿಲ್ಲ. ಬಾಗಿಲಲ್ಲಿ ನಿಂತು ಕೂಗಿ ಕರೆಯುವವನಿಂದ ಮನೆಯೊಳಗಿನ ಸಮಾಚಾರವನ್ನೆಲ್ಲ ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಚಿತ್ರ ಬರುವವರೆಗೆ ಆ ಕೂಗೇ ಚರಿತ್ರೆಯಾಗಿಬಿಡುತ್ತದೆ. ಗೌಡರ ಪಾಲಿಗೆ ಆದದ್ದು ಅದೇ.

"ನಮ್ಮನೆ ಓಟು ಒಂದ್ ಸಲನಾದ್ರೂ ಅವ್ರ ಬುಟ್ಟು ಬ್ಯಾರೆ ಕಡೀಕ್ ಓಗಿದ್ದದಾ? ಈ ಮನೇಲುಟ್ಟಿ ಅವ್ರಿಗೇ ಕಲ್ಲೆತ್ತಿಯಾ? ಇನ್ ನನ್ ಮಾತಾಡುಸ್ಬ್ಯಾಡ ಕಣ್ಲಾ."

"ಅವ್ರು ನಿಲ್ಲು ಅಂದ್ ಕಡೆ ನಿಂತ್ಕಂಡೆ ಕಣಪ್ಪೋ. ಬೆಳಿಗ್ಗೆ ಇದೇ ಕೈಲಿ ಆರ ಆಕಿವ್ನಿ, ಅದ ತೋರಿಸ್ನೇ ಇಲ್ವಲ್ಲ!"

"ಆರದ್ ಸುದ್ದಿ ನಂಗೇಳ್ಬ್ಯಾಡ. ಊರೋರೆಲ್ಲ ನೋಡಿರದು ಕಲ್ಲ."

ತಂದೆಗೆ ಎಂಬತ್ತು ಸಮೀಪಿಸಿದೆ. ಮಾತು ಬಿಟ್ಟರೆ ಮತ್ತೆ ಆಡುವಷ್ಟು ಕಾಲ ಉಳಿಯಲಿಕ್ಕಿಲ್ಲವೆಂಬ ಅಂಜಿಕೆ ಮಹದೇವನ ಮುಖದಲ್ಲಿ ಕಾಣುತ್ತಿತ್ತು. ಏನೂ ತೋಚದೆ ನಾನು ನನ್ನ ಫೋನಿನಲ್ಲಿ ಟ್ರೇಲರನ್ನು ಅತಿ ನಿಧಾನಗತಿಗೆ ಇಳಿಸಿ ಗೌಡರ ಮುಂದೆ ಹಿಡಿದೆ. ಎಡಬಲದವರ ಕಲ್ಲುಗಳು ಒಂದೊಂದಾಗಿ ಕೈಬಿಟ್ಟು ಹಾರಿದವು. ಮಹದೇವನ ಕೈ ಮೇಲಕ್ಕೆದ್ದಿತು, ಹಿಂದಕ್ಕೆ ಬಾಗಿತು. ಅಷ್ಟರಲ್ಲಿ ದೃಶ್ಯ ತುಂಡಾಗಿ ನಗಾರಿ ಬಂದಿತು.

"ತಡೀರಿ ಮೇಷ್ಟ್ರೇ, ಇನ್ನೊಂದ್ ಸಲ ಆಕಿ," ಎಂದರು ಗೌಡರು. ಮತ್ತೆ ನೋಡಿದರು. "ನೋಡುದ್ರಾ? ಎಲ್ಲಾರ್ ಕಲ್ಲೂ ಓದೊ. ಇವ್ನ್ ಕಲ್ಲು ಕೈಲೇ ಅದೆ! ಎಸ್ದಿಲ್ಲ ನನ್ ಮಗ!"

ತಾನೆಸೆದ ಬೆಂಡಿನ ಕಲ್ಲು ನಾಯಕರ ಪೇಟವನ್ನೇ ಉರುಳಿಸಿತೆಂದೂ, ನಿರ್ದೇಶಕರು ಅದಕ್ಕಾಗಿ ಬೆನ್ನು ತಟ್ಟಿದರೆಂದೂ ಮಹದೇವನೇ ಚಿತ್ರೀಕರಣದ ದಿನ ಸಂಜೆ ನನ್ನೆದುರು ಹಿಗ್ಗಿನಿಂದ ಹೇಳಿದ್ದ.

"ಸಿನಿಮಾ ಬಂದ್ ದಿನ್ವೇ ಕೆ.ಆರ್.ಪೇಟೆಗೆ ಓಗಾಣ ಕಣ್ಲಾ," ಎಂದರು ಗೌಡರು, ಮಗನ ಹೆಗಲ ಮೇಲೆ ಕೈಯಿಟ್ಟು. "ನೆಂಟ್ರಿಗೆಲ್ಲ ಈಗ್ಲೇ ಏಳ್ಬುಡು. ಎಲ್ಲಾರೂ ನೋಡ್ಲಿ."

ಮಹದೇವ ನನ್ನ ಮುಖ ನೋಡಿದ. ನಾನು ಫೋನನ್ನು ಆರಿಸಿ ಜೇಬಿಗಿಳಿಸಿಕೊಂಡೆ.