ಅಕ್ಕ ತಟ್ಟದೆ ಬಿಟ್ಟಿದ್ದ ಬಾಗಿಲು

೨೦೨೨ರ ಮೇ ತಿಂಗಳು. ಬೆಳಿಗ್ಗೆ ದೋಸೆಗೆ ರುಬ್ಬುತ್ತಿದ್ದೆ. ಜಪಾನಿನ ಕಾಶಿವಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ರುಬ್ಬುವುದೂ ಒಂದು ವ್ರತವೇ. ಕೆಳಗಿನ ಮನೆಯವರು ರಾತ್ರಿಪಾಳಿ ಮುಗಿಸಿ ಬಂದು ಮಲಗಿರುತ್ತಾರೆ. ಅದಕ್ಕೆ ಮಿಕ್ಸಿಯ ಅಡಿಗೆ ದಪ್ಪ ಟವೆಲ್ ಮಡಿಸಿಟ್ಟು, ಸ್ವಲ್ಪ ಸ್ವಲ್ಪವೇ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಹಾಗೆ ಒಂದು ಸಲ ನಿಲ್ಲಿಸಿದಾಗ ಫೋನು ಬಡಿದುಕೊಳ್ಳುತ್ತಿರುವುದು ಕೇಳಿಸಿತು. ಅಮೆರಿಕದಲ್ಲಿರುವ ನಮ್ಮಕ್ಕ ಶಾರದೆ.

"ಕೋರ್ಟು ಹೊಸ ಮ್ಯಾಪ್ ಕೊಡ್ತು ಕಣೆ ಪುಟ್ಟಿ," ಎಂದಳು.

"ಒಳ್ಳೇದಾಯ್ತಲ್ಲ. ನೀವು ಕೇಳ್ತಾ ಇದ್ದದ್ದೂ ಅದನ್ನೇ ಅಲ್ವಾ?"

"ಹೂಂ, ಕೇಳಿದ್ದು ನಾವೇ. ಈಗ ನೋಡಿದ್ರೆ ನಾನೂ ರೂತೂ ಒಂದೇ ಕ್ಷೇತ್ರಕ್ಕೆ ಬಂದ್ಬಿಟ್ವಿ."

ನಾನು ಮಿಕ್ಸಿಯ ಮುಚ್ಚಳ ಹಿಡಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತೆ.

ಇದನ್ನು ಓದುವವರಿಗೆ ಸ್ವಲ್ಪ ಹಿಂದಿನದು ಹೇಳಬೇಕು. ನಮ್ಮಕ್ಕ ಮದುವೆಯಾಗಿ ಆ ದೇಶಕ್ಕೆ ಹೋಗಿ ಎಷ್ಟೋ ವರ್ಷವಾಯಿತು. ಅಲ್ಲಿಯ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವಳು. ಅವಳನ್ನು ರಾಜಕೀಯಕ್ಕೆ ಎಳೆದದ್ದು ರೂತ್ ಎಂಬ ಹೆಂಗಸು. ರೂತ್‌ಗೆ ಎಪ್ಪತ್ತರ ಹತ್ತಿರ ವಯಸ್ಸು, ಪಕ್ಕದ ಕ್ಷೇತ್ರದಿಂದ ಆ ರಾಜ್ಯದ ಶಾಸನಸಭೆಗೆ ಮತ್ತೆ ಮತ್ತೆ ಆರಿಸಿ ಬಂದವರು. "ನಿನ್ನ ಹಾಗೆ ಮನೆಮನೆಗೆ ಹೋಗಿ ಮಾತಾಡೋ ತಾಳ್ಮೆ ಯಾರಿಗಿದೆ, ನಿಂತ್ಕೋ" ಎಂದು ಬೆನ್ನು ಬಿದ್ದು ೨೦೨೦ರಲ್ಲಿ ಅಕ್ಕನನ್ನು ನಿಲ್ಲಿಸಿದರು. ಅಕ್ಕ ಗೆದ್ದಳು. ಸಭೆಯಲ್ಲಿ ಇಬ್ಬರೂ ಅಕ್ಕಪಕ್ಕ ಕೂರುತ್ತಿದ್ದರು.

ಅವಳು ಗೆದ್ದ ಆ ಚಳಿಗಾಲದಲ್ಲೇ ನಮ್ಮ ಭಾವ ಕೊರೋನಾದಲ್ಲಿ ಹೋಗಿಬಿಟ್ಟರು. ನನಗೆ ವೀಸಾ ಕೊಡುವ ಕಚೇರಿ ಮುಚ್ಚಿತ್ತು. ಹೇಗೋ ಹೋದರೂ ಜಪಾನಿಗೆ ವಾಪಸು ಬಿಡುತ್ತಾರೋ ಇಲ್ಲವೋ ಖಾತ್ರಿ ಇರಲಿಲ್ಲ, ಮಗಳು ಚಿಕ್ಕವಳು. ಒಡಹುಟ್ಟಿದವಳ ಗಂಡನ ಕಾರ್ಯವನ್ನು ಫೋನಿನಲ್ಲಿ ನೋಡಿದೆ. ಆಗ ಅಕ್ಕನಿಗೂ ಸೋಂಕು ತಗುಲಿ ಒಬ್ಬಳೇ ಮನೆಯಲ್ಲಿದ್ದಳು. ರೂತ್ ಪ್ರತಿ ಸಂಜೆ ಬರುತ್ತಿದ್ದರು. ಒಳಗೆ ಬರುವ ಹಾಗಿಲ್ಲವಲ್ಲ, ಕಾರಿನಿಂದ ಒಂದು ಮಡಿಸುವ ಕುರ್ಚಿ ಇಳಿಸಿ, ಕಿಟಕಿಯ ಎದುರು ಹಿಮದಲ್ಲೇ ಹಾಕಿಕೊಂಡು, ಕೋಟು ಟೋಪಿ ಸಮೇತ ಕೂರುತ್ತಿದ್ದರು. ಮಾತಿಲ್ಲ ಕತೆಯಿಲ್ಲ. ಕತ್ತಲಾಗುವವರೆಗೆ ಕೂತು ಕುರ್ಚಿ ಮಡಿಸಿಕೊಂಡು ಹೋಗುತ್ತಿದ್ದರು.

ಅಕ್ಕ ಏನೂ ತಿನ್ನುತ್ತಿಲ್ಲ ಎಂದು ಗೊತ್ತಾದ ಮೇಲೆ ರೂತ್ ನನಗೇ ವಿಡಿಯೋ ಕಾಲ್ ಮಾಡಿದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಇಲ್ಲಿಂದ ನಾನು ಹುಣಸೆಹಣ್ಣು ಕಿವುಚಿ ತೋರಿಸಿದೆ, ಅಲ್ಲಿ ಅವರು ಕಿವುಚಿದರು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಾಗ ಹೆದರಿ ಹಿಂದಕ್ಕೆ ನೆಗೆದರು. ನನಗೆ ಆ ದುಃಖದಲ್ಲೂ ನಗು ಬಂತು. ಅಂತೂ ಬೇಳೆಸಾರು ಅನ್ನ ಮಾಡಿ ಬಾಗಿಲ ಮುಂದೆ ಇಟ್ಟು ಬಂದರು. ಅಂಥ ಹೊತ್ತಲ್ಲಿ ದೇವರು ತಾನು ಬರಲಾರದೆ ಯಾರನ್ನೋ ಕಳಿಸುತ್ತಾನೆ ಎಂದು ನಾನು ಅವತ್ತೇ ನಂಬಿದೆ.

ಈಗ ಕೋರ್ಟಿನ ವಿಷಯ. ಅಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದ ಮೇಲೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯುತ್ತಾರಂತೆ. ಅಧಿಕಾರದಲ್ಲಿದ್ದವರು ತಮಗೆ ಬೇಕಾದ ಹಾಗೆ ಎಳೆದುಕೊಂಡಿದ್ದರು. ಒಂದೇ ಬೀದಿಯ ಎಡಗಡೆ ಒಂದು ಕ್ಷೇತ್ರ, ಬಲಗಡೆ ಇನ್ನೊಂದು. ಅದು ಅನ್ಯಾಯ ಎಂದು ಜನ ಕೋರ್ಟಿಗೆ ಹೋದರು. ಅಕ್ಕನೂ ರೂತೂ ಅವರ ಜೊತೆ ನಿಂತು ಊರೂರಲ್ಲಿ ಭಾಷಣ ಮಾಡಿದರು. ಕೋರ್ಟು ಆ ಗಡಿಗಳನ್ನು ರದ್ದು ಮಾಡಿ, ಹೊಸದಾಗಿ ಎಳೆಸಿ, ಚುನಾವಣೆಯನ್ನು ಆಗಸ್ಟಿಗೆ ಮುಂದೆ ಹಾಕಿತು. ಹೊಸ ಗಡಿ ನ್ಯಾಯವಾಗಿಯೇ ಇತ್ತು. ಅದರೊಳಗೆ ಇವರಿಬ್ಬರ ಮನೆಯೂ ಇತ್ತು. ಇಬ್ಬರದೂ ಒಂದೇ ಪಕ್ಷ. ಅಲ್ಲಿ ಟಿಕೆಟ್ಟನ್ನು ದೊಡ್ಡವರು ಕೊಡುವುದಿಲ್ಲ, ಜನರೇ ಮೊದಲು ಮತ ಹಾಕಿ ಪಕ್ಷದ ಅಭ್ಯರ್ಥಿಯನ್ನು ಆರಿಸಬೇಕು. ಆಗಸ್ಟಿನದು ಆ ಮತದಾನ, ಅಸಲು ಚುನಾವಣೆ ನವೆಂಬರಿನಲ್ಲಿ. ಆ ಕಡೆ ಅವರ ಪಕ್ಷವೇ ಜೋರು, ಅದರಲ್ಲಿ ಗೆದ್ದರೆ ಸೀಟು ಬಂದ ಹಾಗೆಯೇ.

"ನೀನೇ ಬಿಟ್ಟುಕೊಡು ಅಕ್ಕ, ಅವರು ದೊಡ್ಡವರು," ಎಂದೆ ಫೋನಿನಲ್ಲಿ.

"ಹೇಳಿದೆ ಕಣೆ. ಹಿಂದೆ ಸರಿದ್ರೆ ಜನ್ಮದಲ್ಲಿ ನಿನ್ನ ಮಾತಾಡಿಸಲ್ಲ ಅಂದ್ಲು."

"ಮತ್ತೆ ಅವರೇ ಬಿಟ್ಟುಕೊಡಲಿ."

"ಅದನ್ನ ನಾನು ಯಾವ ಬಾಯಲ್ಲಿ ಕೇಳಲಿ?"

ಆಮೇಲೆ ಮೆಲ್ಲಗೆ, "ನಂಗೂ ಬೇಕು ಪುಟ್ಟಿ ಈ ಸೀಟು. ನಿಮ್ಮ ಭಾವ ಹೋದ್ಮೇಲೆ ನನ್ನನ್ನ ಬೆಳಿಗ್ಗೆ ಎಬ್ಬಿಸ್ತಿರೋದು ಇದೊಂದೇ ಕೆಲಸ," ಎಂದಳು.

ಫೋನಿಟ್ಟ ಮೇಲೆ ಕೈ ತೊಳೆದು ದೇವರ ಮುಂದೆ ನಿಂತು ಮುಡಿಪು ಕಟ್ಟಿದೆ. ಅರಿಶಿನ ಅದ್ದಿದ ಬಟ್ಟೆಯಲ್ಲಿ ಕಟ್ಟಲು ರೂಪಾಯಿ ಸಿಗಲಿಲ್ಲ. ಇಲ್ಲಿಯವರು ದೇವಸ್ಥಾನದಲ್ಲಿ ಹಾಕುವ ಐದು ಯೆನ್ ನಾಣ್ಯ ಇತ್ತು, ನಡುವೆ ತೂತು ಇರುತ್ತದೆ. ನಮ್ಮಜ್ಜಿಯ ಕಾಲದಲ್ಲೂ ತೂತಿನ ಕಾಸಿತ್ತು, ನಂಜುಂಡೇಶ್ವರ ಅದನ್ನು ಬೇಡವೆಂದಿರಲಿಲ್ಲ ಎಂದುಕೊಂಡು ಅದನ್ನೇ ಕಟ್ಟಿದೆ. ಅಕ್ಕ ಗೆಲ್ಲಲಿ, ಊರಿಗೆ ಬಂದಾಗ ನಂಜನಗೂಡಿಗೆ ತಂದು ಒಪ್ಪಿಸುತ್ತೇನೆ ಎಂದು ಬೇಡಿಕೊಂಡೆ.

ಜೂನ್ ಜುಲೈ ಎರಡೂ ತಿಂಗಳು ಅಕ್ಕ ಮತ ಕೇಳುತ್ತಾ ಮನೆಮನೆಯ ಬಾಗಿಲು ತಟ್ಟಿದಳು. ಅವಳಿಗೆ ಸಂಜೆಯಾದಾಗ ನಮಗೆ ಮರುದಿನದ ಬೆಳಿಗ್ಗೆ. ಮನೆಗೆ ಕಾರು ಓಡಿಸಿಕೊಂಡು ಹೋಗುತ್ತಾ ನನಗೆ ಫೋನ್ ಮಾಡುತ್ತಿದ್ದಳು. ಯಾರ ಮನೆಯ ನಾಯಿ ಅಟ್ಟಿಸಿಕೊಂಡು ಬಂತು, ಯಾವ ಅಜ್ಜಿ ನೀರು ಕೊಟ್ಟಳು, ಯಾರು ಮುಖದ ಮೇಲೇ ಬಾಗಿಲು ಹಾಕಿದರು, ಎಲ್ಲ ಹೇಳುತ್ತಿದ್ದಳು. ನಾನು ಪಾತ್ರೆ ಉಜ್ಜುತ್ತಾ ಕೇಳುತ್ತಿದ್ದೆ. ನಮ್ಮ ಪಕ್ಕದ ಮನೆಯ ಓಕಾದಾ ಸಾನ್‌ಗೆ, ಅಂದರೆ ಓಕಾದಾ ಅವರಿಗೆ, ಇದನ್ನು ಹೇಳಿದಾಗ ಆ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಇಲ್ಲಿ ಮನೆಬಾಗಿಲಿಗೆ ಹೋಗಿ ಮತ ಕೇಳುವುದಕ್ಕೆ ಕಾನೂನೇ ಬಿಡುವುದಿಲ್ಲವಂತೆ. ಸ್ಟೇಷನ್ ಮುಂದೆ ನಿಂತು ಬಗ್ಗಿ ನಮಸ್ಕಾರ ಮಾಡಬೇಕು, ಇಲ್ಲವೇ ಮೈಕು ಕಟ್ಟಿದ ಕಾರಿನಲ್ಲಿ ಹೆಸರು ಕೂಗುತ್ತಾ ಹೋಗಬೇಕು. "ನಿನ್ನ ಅಕ್ಕನಿಗೆ ಕಾಲುನೋವು ಬರುವುದಿಲ್ಲವೇ?" ಎಂದು ಕೇಳಿದರು.

ಒಂದು ದಿನ ಮಾತಿನ ಮಧ್ಯೆ ಮುಡಿಪಿನ ವಿಷಯ ಬಾಯಿಬಿಟ್ಟೆ.

"ದೇವರ ಹತ್ರ ಏನಂತ ಕೇಳ್ದೆ?"

"ನೀನು ಗೆಲ್ಲಲಿ ಅಂತ."

"ಅಂದ್ರೆ ರೂತ್ ಸೋಲಲಿ ಅಂತ."

"ಅಯ್ಯೋ, ಹಾಗೆಲ್ಲಿ ಕೇಳಿದೆ ನಾನು?"

"ಇರೋದು ಒಂದೇ ಸೀಟು ಕಣೆ. ಬಿಚ್ಚು ಅದನ್ನ."

ಕಟ್ಟಿದ ಮುಡಿಪನ್ನು ಬಿಚ್ಚುವುದು ನಮ್ಮಲ್ಲಿ ಇಲ್ಲ. ಅದು ಅವಳಿಗೂ ಗೊತ್ತು. ಅಂದು ದೀಪ ಹಚ್ಚಿದಾಗ ಆ ಹಳದಿ ಗಂಟನ್ನು ನೋಡಲು ನನಗೇ ಮುಜುಗರವಾಯಿತು.

ಜುಲೈ ಕೊನೆಗೆ ಇನ್ನೊಂದಾಯಿತು. ರೂತ್ ಕಡೆಯ ಯಾರೋ ಒಂದು ಕರಪತ್ರ ಅಚ್ಚು ಹಾಕಿಸಿ ಮನೆಮನೆಗೆ ಕಳಿಸಿದರು. ಅಕ್ಕನ ಫೋಟೋ ಹಾಕಿ, ಕೆಳಗೆ, 'ಇವರಿಗೆ ನಮ್ಮ ಊರು ಎಷ್ಟು ಗೊತ್ತು?' ಎಂದು. ಅದು ಅಕ್ಕನ ಮನೆಯ ಅಂಚೆಪೆಟ್ಟಿಗೆಗೂ ಬಂದು ಬಿತ್ತು.

"ಈ ಊರಿನ ಅರ್ಧ ಮಕ್ಕಳಿಗೆ ಭಾಗಾಕಾರ ಕಲಿಸಿದ್ದು ನಾನು," ಎಂದಳು ಅಕ್ಕ. "ರೂತ್ ಬರೆದಿದ್ದಲ್ಲ, ಗೊತ್ತು. ಆದ್ರೆ ಬೇಡ ಅಂತಲೂ ಅನ್ನಲಿಲ್ಲವಲ್ಲ."

ಅಲ್ಲಿಗೆ ಇಬ್ಬರ ನಡುವೆ ಮಾತು ನಿಂತಿತು. ಎರಡು ದಿನ ಬಿಟ್ಟು ರೂತ್ ನನಗೆ ಒಂದು ಸಾಲು ಬರೆದು ಕಳಿಸಿದರು. 'ನಿನ್ನ ಅಕ್ಕ ಬಡವಾಗಿ ಕಾಣುತ್ತಾಳೆ. ನಾನು ಈಗ ಸಾರು ತೆಗೆದುಕೊಂಡು ಹೋಗುವ ಹಾಗಿಲ್ಲ. ಊಟ ಮಾಡು ಎಂದು ನೀನು ಹೇಳು.' ನಾನು ಅದನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು, "ಸರಿ ಇಡ್ತೀನಿ," ಎಂದು ಫೋನ್ ಇಟ್ಟಳು.

ಆಗಸ್ಟ್ ಬಂತು. ಕಾಶಿವಾದ ಬಿಸಿಲು, ಸೆಖೆ, ಅದರ ಮೇಲೆ ಮಾಸ್ಕು. ನಮ್ಮ ಯಜಮಾನರು ಯೂನಿವರ್ಸಿಟಿಯ ಲ್ಯಾಬಿನಿಂದ ಜ್ವರ ತಂದರು. ಎರಡನೆಯ ದಿನ ಮಗಳು ಇಂಚರಳಿಗೂ ಬಂತು. ಪರೀಕ್ಷೆಯಲ್ಲಿ ಇಬ್ಬರದೂ ಪಾಸಿಟಿವ್, ನನ್ನದು ನೆಗೆಟಿವ್. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಮಲಗಿಸಿ ಬಾಗಿಲು ಹಾಕಿದೆ. ತಟ್ಟಬೇಕಾದದ್ದು ಒಂದೇ ಬಾಗಿಲು, ಅದೂ ದೇವರ ದಯೆಯೇ. ಗಂಜಿ ಇಡು, ಬಟ್ಟಲು ತೆಗೆ, ಕುದಿಯುವ ನೀರಿಗೆ ಹಾಕು, ಬಾಗಿಲ ಹಿಡಿ ಒರೆಸು, ಮತ್ತೆ ಗಂಜಿ ಇಡು. ಓಕಾದಾ ಸಾನ್ ಪೀಚ್ ಹಣ್ಣಿನ ಚೀಲವನ್ನು ನಮ್ಮ ಬಾಗಿಲ ಹಿಡಿಗೆ ನೇತುಹಾಕಿ, ಬೆಲ್ ಒತ್ತಿ, ನಾನು ತೆರೆಯುವಷ್ಟರಲ್ಲಿ ತಮ್ಮ ಮನೆ ಸೇರಿಕೊಳ್ಳುತ್ತಿದ್ದರು. ನಾನು ಖಾಲಿ ಕಾರಿಡಾರಿಗೇ "ಅರಿಗಾತೋ" ಎಂದು ಕೃತಜ್ಞತೆ ಹೇಳುತ್ತಿದ್ದೆ.

ಮತದಾನ ಅದೇ ವಾರ. ಅಲ್ಲಿ ಜನ ಮತ ಹಾಕುತ್ತಿದ್ದ ಹೊತ್ತಿನಲ್ಲಿ ನಾನು ದೀಪ ಹಚ್ಚಿ ಮುಡಿಪಿನ ಎದುರು ನಿಂತೆ. ಏನು ಕೇಳಬೇಕೆಂದೇ ತಿಳಿಯಲಿಲ್ಲ. ದಣಿವಿಗೆ ಕಣ್ಣು ಎಳೆಯುತ್ತಿತ್ತು. ಕೊನೆಗೆ, "ಗಂಟು ಬಿಚ್ಚೋದಿಲ್ಲಪ್ಪ, ನೀನೇ ಕಟ್ಟಿಸಿಕೊಂಡಿದ್ದೀಯ. ಯಾರನ್ನಾದರೂ ಗೆಲ್ಲಿಸು. ಗೆದ್ದವಳಿಗೆ ಸೋತವಳ ಮನೆಗೆ ಹೋಗುವ ಬುದ್ಧಿ ಕೊಡು," ಎಂದೆ.

ಮರುದಿನ ಹತ್ತೂವರೆಯ ಸುಮಾರಿಗೆ ಬಾಲ್ಕನಿಯ ಕಂಬಿಗೆ ನನ್ನ ಹಾಸಿಗೆ ಹರವಿ ಬಡಿಯುತ್ತಿದ್ದೆ. ಅಕ್ಕನ ಫೋನ್ ಬಂತು. ಹಿಂದೆ ಕಾರು ನಿಲ್ಲಿಸಿ ಇಂಜಿನ್ ಆರಿಸಿದ ಸದ್ದು ಕೇಳಿಸಿತು.

"ಗೆದ್ದೆ ಕಣೆ. ಸ್ವಲ್ಪದರಲ್ಲಿ."

"ಅಕ್ಕಾ!" ಎಂದೆ.

"ನಮ್ಮ ಜನ ಎಲ್ಲಾ ಆಫೀಸಲ್ಲಿ ಕೇಕು ಕಟ್ ಮಾಡ್ತಿದಾರೆ. ನಂಗೆ ಊಟವೂ ಬೇಡ, ಕೇಕೂ ಬೇಡ ಅನಿಸ್ತು. ಎದ್ದು ಬಂದೆ."

"ಈಗ ಎಲ್ಲಿದ್ದೀಯ?"

"ರೂತ್ ಮನೆ ಮುಂದೆ. ಕಾರಲ್ಲಿ. ಇಡೀ ಕ್ಷೇತ್ರದಲ್ಲಿ ನಾನು ತಟ್ಟದೆ ಇರೋ ಬಾಗಿಲು ಇದೊಂದೇ ಪುಟ್ಟಿ. ಒಳಗೆ ಲೈಟ್ ಉರೀತಿದೆ. ಹೋಗ್ಲಾ? ಹಂಗಿಸೋಕೆ ಬಂದ್ಲು ಅನ್ಕೊಂಡ್ರೆ?"

"ಅಂದ್ರೆ ಅನ್ನಿಸ್ಕೊಂಡು ಬಾ. ಹೋಗು."

"ಕಟ್ ಮಾಡ್ಬೇಡ. ಜೇಬಲ್ಲಿ ಇಟ್ಕೊಂಡಿರ್ತೀನಿ."

ನಾನು ಹಾಸಿಗೆ ಬಡಿಯುವ ಕೋಲು ಕಂಕುಳಲ್ಲಿ ಇರುಕಿಕೊಂಡು, ಫೋನನ್ನು ಕಿವಿಗೆ ಒತ್ತಿ ನಿಂತೆ. ಅವಳ ಹೆಜ್ಜೆ ಕೇಳಿಸಿತು. ಮರದ ಮೆಟ್ಟಿಲು. ಆಮೇಲೆ ಮೂರು ಸಲ ಟಕ್ ಟಕ್. ಏನೂ ಇಲ್ಲ. ಇಲ್ಲಿ ನಮ್ಮ ಹಿಂದಿನ ಮರಗಳಲ್ಲಿ ಜೀರುಂಡೆಗಳು ಕಿವಿ ಹರಿದುಹೋಗುವ ಹಾಗೆ ಕೂಗುತ್ತಿದ್ದವು, ಆ ಕಡೆಯ ಸದ್ದು ಎಲ್ಲಿ ತಪ್ಪಿಹೋಗುತ್ತದೋ ಎಂದು ಒಳಗೆ ಬಂದು ಗಾಜಿನ ಬಾಗಿಲು ಎಳೆದುಕೊಂಡೆ. ಅಕ್ಕ ಮತ್ತೆ ತಟ್ಟಿದಳು. ಮತ್ತೆ ಏನೂ ಇಲ್ಲ. ನಂಜುಂಡಪ್ಪಾ, ನಂಜುಂಡಪ್ಪಾ ಎಂದುಕೊಳ್ಳುತ್ತಿದ್ದೆ.

ಕೊನೆಗೆ ಚಿಲಕ ತೆಗೆದ ಸದ್ದು.

ರೂತ್ ಅವರ ಮಾತನ್ನು ಕನ್ನಡದಲ್ಲಿ ಹೀಗೆ ಬರೆಯಬಹುದು: "ಇವತ್ತು ನನ್ನ ಕೈಲಿ ಮಾತಾಡೋಕಾಗಲ್ಲ, ಶಾರದಾ."

ಅಕ್ಕ ವಾಪಸು ಹೊರಟುಬಿಡುತ್ತಾಳೆ ಎಂದುಕೊಂಡೆ. ಆಮೇಲೆ ಒಳಗಿನಿಂದ ಏನೋ ಎಳೆದು ತಂದ ಸದ್ದು, ಬಾಗಿಲಿಗೆ ಒಮ್ಮೆ ತಗುಲಿತು.

"ತಗೋ. ಅಲ್ಲೇ ಹಾಕಿಕೋ," ಎಂದರು ರೂತ್. ಬಾಗಿಲು ಮೆಲ್ಲಗೆ ಮುಚ್ಚಿತು.

ಮಡಿಸುವ ಕುರ್ಚಿ ಬಿಚ್ಚುವಾಗ ಕಿರ್ ಎನ್ನುತ್ತದಲ್ಲ, ಅದು ನನಗೆ ಕಾಶಿವಾದಲ್ಲಿ ಚೆನ್ನಾಗಿ ಕೇಳಿಸಿತು.

ಅಕ್ಕ ಜೇಬಿನಿಂದ ಫೋನು ತೆಗೆದಳು. ಪಿಸುಮಾತಿನಲ್ಲಿ, "ಅದೇ ಕುರ್ಚಿ ಕಣೆ. ಕಿಟಕಿ ಎದುರಿಗೆ ಕೂತಿದೀನಿ. ಅವಳು ಒಳಗೆ ಸೋಫಾ ಮೇಲೆ ಕೂತಿದಾಳೆ, ಪರದೆ ಎಳೆದಿಲ್ಲ," ಎಂದಳು. "ನೀನು ಇಡು ಇನ್ನು."

ನವೆಂಬರಿನ ಚುನಾವಣೆಯಲ್ಲೂ ಗೆದ್ದು ಅಕ್ಕ ಮತ್ತೆ ಶಾಸನಸಭೆಗೆ ಹೋದಳು. ರೂತ್ ಜೊತೆ ಮಾತು ಮೊದಲಿನ ಹಾಗಾಗಲು ಆ ಚಳಿಗಾಲ ಕಳೆಯಬೇಕಾಯಿತು, ಕರಪತ್ರದ ವಿಷಯ ಇಂದಿಗೂ ಇಬ್ಬರೂ ಎತ್ತುವುದಿಲ್ಲವಂತೆ. ಮುಡಿಪು ಇನ್ನೂ ನನ್ನ ದೇವರ ಗೂಡಿನಲ್ಲಿದೆ. ಯಾವ ಬೇಡಿಕೆ ತೀರಿಸಿದ್ದಕ್ಕೆಂದು ಒಪ್ಪಿಸಲಿ ಎಂದು ಯೋಚಿಸುತ್ತೇನೆ. ಗೆಲುವು ಎಂಬುದು ನನ್ನ ನೆನಪಿನಲ್ಲಿ ಉಳಿದೇ ಇಲ್ಲ. ನೆನಪಿರುವುದು ಆ ಕುರ್ಚಿಯ ಸದ್ದು. ಅಷ್ಟು ದಣಿದ ದಿನಗಳಲ್ಲಿ ನನಗೆ ಅದೇ ಸಾಕಾಗಿತ್ತು.

ಆ ದಿನ ಫೋನಿಟ್ಟು ಅಳಲೂ ಪುರುಸೊತ್ತಿರಲಿಲ್ಲ. ಒಲೆಯ ಮೇಲಿದ್ದ ಗಂಜಿ ತಳ ಹಿಡಿಯುವ ಹಾಗಿತ್ತು. ಎರಡು ಬಟ್ಟಲಿಗೆ ಬಗ್ಗಿಸಿ, ಉಪ್ಪು ಹಾಕಿ, ತಟ್ಟೆ ಹಿಡಿದುಕೊಂಡು ಹೋಗಿ ಕೋಣೆಯ ಬಾಗಿಲು ತಟ್ಟಿದೆ.

"ಅಮ್ಮಾ, ಒಳಗೆ ಬರ್ಬೇಡ, ದಾಮೆ," ಎಂದಳು ಇಂಚರ, ಕೆಮ್ಮುತ್ತಾ. ಬೇಡ ಎನ್ನುವುದನ್ನು ಜಪಾನಿಯಲ್ಲೂ ಒಮ್ಮೆ ಹೇಳದಿದ್ದರೆ ಅವಳಿಗೆ ಸಮಾಧಾನವಿಲ್ಲ.

"ಬರಲ್ಲ ಮಗಳೇ. ಗಂಜಿ ಇಲ್ಲಿಟ್ಟಿದ್ದೀನಿ. ನೀವು ತಿನ್ನೋವರೆಗೂ ಇಲ್ಲೇ ಕೂತಿರ್ತೀನಿ," ಎಂದು ಅಡುಗೆಮನೆಯ ಸ್ಟೂಲು ತಂದು ಬಾಗಿಲ ಪಕ್ಕ ಹಾಕಿಕೊಂಡು, ಒಣಗಿದ ಬಟ್ಟೆಗಳನ್ನು ಮಡಿಲಲ್ಲಿಟ್ಟು ಮಡಿಸತೊಡಗಿದೆ.