ಮೊದಲು ಚೀಲ

ಠಾಣೆಯ ಕೋಪರಿಯಲ್ಲಿರುವ ನಮ್ಮ ಬಾಲ್ಕನಿಯ ಗ್ರಿಲ್ಲಿಗೆ ಸೊಸೆ ಒಂದು ಹಳೆಯ ಸೀಡಿ ಕಟ್ಟಿದ್ದಾಳೆ, ಪಾರಿವಾಳಗಳು ಹೆದರಲಿ ಎಂದು. ಅವು ಹೆದರುವುದಿರಲಿ, ಅದರಲ್ಲಿ ಮುಖ ನೋಡಿಕೊಂಡು ಹೋಗುತ್ತವೆ. ನಿನ್ನೆ ಸಂಜೆ ಕನ್ನಡಕ ಒರೆಸಿ ನೋಡಿದೆ. ಮಾರ್ಕರಿನಲ್ಲಿ ಬರೆದದ್ದು ಇನ್ನೂ ಅಳಿಸಿಲ್ಲ: ‘ಕನ್ನಡ, ಫೈನಲ್. ಇದೇ ಫೈನಲ್.’ ವತ್ಸಲಾಳ ಅಕ್ಷರ.

ವತ್ಸಲಾ ಡೊಂಬಿವಲಿಯವಳು, ಆಗ ನವಿ ಮುಂಬೈಯ ಸಾಫ್ಟ್‌ವೇರ್ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್. ನಾನು ಅಲ್ಲಿ ಮ್ಯಾನ್ಯುಯಲ್ ಬರೆಯುವವಳು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಗ್ರಾಮರ್ ನನಗೆ ಅನ್ನ ಹಾಕಿತು. ಕಂಪ್ಯೂಟರಿನ ಒಳಗೆ ಏನಿದೆ ಎಂದು ಮಾತ್ರ ಕೇಳಬೇಡಿ. ‘ಕ್ಲಿಕ್ ನೆಕ್ಸ್ಟ್’ ಎಂದು ಫುಲ್ ಕಾನ್ಫಿಡೆನ್ಸಿನಲ್ಲಿ ಬರೆಯುತ್ತಿದ್ದೆ. ಆ ನೆಕ್ಸ್ಟ್ ಒತ್ತಿದಾಗ ಏನಾದರೂ ಆಗುವಂತೆ ಮಾಡುವುದು ವತ್ಸಲಾಳ ಕೆಲಸ. ಖಾಲಿ ಕಂಪ್ಯೂಟರಿಗೆ ಪ್ರಾಣ ತುಂಬುವ ಸೀಡಿಯೊಳಗೆ ಕಿಟಕಿ, ಮೌಸ್, ಅಕ್ಷರ, ಎಲ್ಲವನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ ಇಡುತ್ತಿದ್ದಳು.

ಡೊಂಬಿವಲಿಯ ಒಂದು ಕನ್ನಡ ಶಾಲೆಗೆ ಯಾರೋ ದಾನ ಕೊಟ್ಟ ಹಳೆಯ ಮೆಷಿನುಗಳು ಬಂದಿದ್ದವು. ನಮ್ಮ ಸೀಡಿ ಹಾಕಿದರೆ ಎಲ್ಲ ಸರಿಯಾಗಿ ನಡೆದು, ಕೊನೆಗೆ ಪರದೆ ಕಪ್ಪಾಗಿ ನಿಲ್ಲುತ್ತಿತ್ತು. ಮ್ಯಾನೇಜರ್ ಸುಲಭದ ದಾರಿ ತೋರಿಸಿದರು: “ಗ್ರಾಫಿಕ್ಸ್ ಡ್ರಾಪ್ ಕರೋ. ಸಿರ್ಫ್ ಟೆಕ್ಸ್ಟ್ ಭೇಜ್ ದೋ.” ಅಂದರೆ ಕಿಟಕಿ, ಚಿತ್ರ ಬಿಟ್ಟು, ಕಪ್ಪು ಪರದೆಯ ಮೇಲೆ ಬರೀ ಇಂಗ್ಲಿಷ್ ಅಕ್ಷರ.

ವತ್ಸಲಾ ಒಪ್ಪಲಿಲ್ಲ. “ಕಪ್ಪು ಪರದೆ ಕಳಿಸಿದ್ರೆ ಟೀಚರಮ್ಮ ಅದಕ್ಕೆ ಟವೆಲ್ ಹೊದಿಸಿ ಆಯುಧಪೂಜೆಗೆ ಕುಂಕುಮ ಹಚ್ತಾರೆ, ಅಷ್ಟೇ. ಮಕ್ಕಳು ಕನ್ನಡ ಅಕ್ಷರ ಪರದೆ ಮೇಲೆ ನೋಡ್ಬೇಕು ಮಾರಾಯ್ತಿ. ನಾನು ಬಿಡುದಿಲ್ಲ.”

ರೋಗ ಏನೆಂದು ಅವಳಿಗೆ ಗೊತ್ತಿತ್ತು. ಕಿಟಕಿಯ ಪೊಟ್ಟಣ ‘ಮೊದಲು ಅಕ್ಷರ ಬರಲಿ’ ಎನ್ನುತ್ತಿತ್ತು, ಅಕ್ಷರದ್ದು ‘ಮೊದಲು ಕಿಟಕಿ ಬರಲಿ’ ಎನ್ನುತ್ತಿತ್ತು. ಮದ್ದು ಮಾತ್ರ ಗೊತ್ತಿರಲಿಲ್ಲ.

ಆ ಸಂಜೆ ವಾಶಿಯಿಂದ ಠಾಣೆಗೆ ಬರುವ ಲೋಕಲ್ಲಿನ ಲೇಡೀಸ್ ಡಬ್ಬಿ. ಎಲ್ಲಿ ಇಳಿಯುತ್ತೀರಿ ಎಂದು ಮೊದಲೇ ಕೇಳಿ ಸೀಟು ಬುಕ್ ಮಾಡುವ ಪದ್ಧತಿ ನಿಮಗೆ ಗೊತ್ತಲ್ಲ? ಘಣಸೋಲಿಯಲ್ಲಿ ಇಳಿಯಬೇಕಾದ ಕಲಬುರಗಿ ಕಡೆಯ ಹೆಂಗಸೊಬ್ಬಳ ಸೀಟನ್ನು ಮರಾಠಿಯವಳೊಬ್ಬಳು ಹಿಡಿದು ನಿಂತಿದ್ದಳು.

“ಮ್ಯಾಲಿನ ಚೀಲ ಇಳಿಸ್ರೀ, ಆಮ್ಯಾಲ ಏಳ್ತೀನಿ,” ಎಂದಳು ಕುಳಿತವಳು. ಎದ್ದರೆ ನೂಕಿನಲ್ಲಿ ಚೀಲ ಅಲ್ಲೇ ಉಳಿದೀತೆಂಬ ಭಯ.

“ಆಧೀ ಉಠಾ ನಾ!” ಮೊದಲು ನೀವು ಏಳಿ ಎಂದು ನಿಂತವಳ ಹಟ. ಇವಳು ಏಳದೆ ಅವಳ ಕೈ ಚೀಲಕ್ಕೆ ಎಟುಕುವಂತಿರಲಿಲ್ಲ.

ಸ್ಟೇಷನ್ ಬರುತ್ತಿದೆ, ಇಬ್ಬರೂ ಸರಿ, ಯಾರೂ ಅಲ್ಲಾಡುತ್ತಿಲ್ಲ. ನನಗೋ ನಗು. ವತ್ಸಲಾ ಸೀಟಿನ ಅಂಚು ಹತ್ತಿ ಚೀಲವನ್ನು ಎಳೆದು ಕುಳಿತವಳ ಮಡಿಲಿಗೆ ಹಾಕಿದಳು. ಒಬ್ಬಳು ಎದ್ದಳು, ಇನ್ನೊಬ್ಬಳು ಕುಳಿತಳು. ಕೆಳಗಿಳಿದ ವತ್ಸಲಾ ನನ್ನ ತೋಳು ಗಟ್ಟಿಯಾಗಿ ಹಿಡಿದಳು: “ಚೀಲ ಬೇರೆ ಮಾಡ್ಬೇಕಿತ್ತು ನೋಡು! ಮೊದಲು ಚೀಲ!”

ಮರುದಿನ ಎರಡೂ ಪೊಟ್ಟಣಗಳಿಗೆ ಬೇಕಾದ ಪುಟ್ಟ ಭಾಗವನ್ನು ಬಿಡಿಸಿ, ಬೇರೆಯೇ ಕಟ್ಟಿ, ಎಲ್ಲಕ್ಕಿಂತ ಮುಂದೆ ಇಟ್ಟಳು. ಹೊಸ ಸೀಡಿ ಮಾಡಿ ಅದರ ಮೇಲೆ ‘ಇದೇ ಫೈನಲ್’ ಎಂದು ಬರೆದಳು. ಶಾಲೆಯಲ್ಲಿ ಪರದೆ ಬೆಳಗಿ ‘ಸ್ವಾಗತ’ ಎಂಬ ಅಕ್ಷರ ಮೂಡಿತು. ಕನ್ನಡ ಶಾಲೆಯ ಮಕ್ಕಳು ಶುದ್ಧ ಮರಾಠಿಯಲ್ಲಿ “ದಿಸಲಂ! ದಿಸಲಂ!” ಎಂದು ಕುಣಿದವು. ಕಂಡಿತು, ಕಂಡಿತು ಎಂದು. ವತ್ಸಲಾ ಸೆರಗಿನಿಂದ ಮಾನಿಟರ್ ಒರೆಸುತ್ತ ನಿಂತಳು, ಧೂಳೇ ಇಲ್ಲದ ಮಾನಿಟರನ್ನು.

ಈಗ ಅವಳಿಗೆ ಮೊಣಕಾಲಿನ ಆಪರೇಷನ್ ಆಗಬೇಕು. ಮನೆಯಲ್ಲಿ ಒಬ್ಬಳೇ. ತಿಂಗಳುಗಳಿಂದ ಫೋನಿನಲ್ಲಿ ಒಂದೇ ಮಾತು. “ನೀನು ಬಾ, ಆಮೇಲೆ ಡೇಟ್ ತಗೊಳ್ತೇನೆ,” ಎನ್ನುತ್ತಾಳೆ. “ನೀನು ಡೇಟ್ ಹೇಳು, ಆಮೇಲೆ ಬರ್ತೇನೆ,” ಎನ್ನುತ್ತೇನೆ. ನಿನ್ನೆ ಸೀಡಿಯನ್ನು ಕೈಯಲ್ಲಿ ಹಿಡಿದಾಗಲೇ ನನಗೆ ಹೊಳೆದದ್ದು, ನಾವೂ ಲೋಕಲ್ಲಿನ ಆ ಇಬ್ಬರ ಹಾಗೆಯೇ ಎಂದು. ಹೌ ಸ್ಟುಪಿಡ್!

ಮಗ ದಿನಾ ಡೊಂಬಿವಲಿ ಎಂಐಡಿಸಿಯ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುವವನು. ಇವತ್ತು ಬೆಳಿಗ್ಗೆ ನನ್ನ ಸೀರೆ, ಮಾತ್ರೆ ತುಂಬಿದ ಚೀಲವನ್ನು ಅವನ ಕೈಯಲ್ಲಿ ವತ್ಸಲಾಳ ಮನೆಗೆ ಕಳಿಸಿದೆ. ಮೇಲುಗಡೆ ಆ ಸೀಡಿ.

ಈಗಷ್ಟೇ ಫೋನ್ ಬಂತು. “ಎಂಥದು ಮಾರಾಯ್ತಿ, ಚೀಲ ಬಂತು, ನೀನೆಲ್ಲಿ?”

“ಬರ್ತಾ ಇದ್ದೇನೆ. ನೀನು ಡಾಕ್ಟರಿಗೆ ಫೋನ್ ಮಾಡು.”

ಆ ಕಡೆಯಿಂದ ಮೂಗೆಳೆದ ಸದ್ದು. “ಆಯ್ತು. ಇದೇ ಫೈನಲ್.”

ಗ್ರಿಲ್ಲಿನಲ್ಲಿ ಈಗ ಬರೀ ದಾರ. ಪಾರಿವಾಳಗಳು ಬಂದು ತಮ್ಮ ಮುಖ ಹುಡುಕುತ್ತಿವೆ. ನಾನು ಚಪ್ಪಲಿ ಹುಡುಕುತ್ತಿದ್ದೇನೆ.