ಪೂಜೆಗಿಟ್ಟ ಬಂದೂಕು

ಠಾಣೆಯ ಜಮಾದಾರರು ತಮ್ಮ ಎಡಗಾಲ ಬೂಟಿನ ತುದಿಯನ್ನು ಕೊಯ್ದು ತೆಗೆದಿದ್ದರು. ಅಲ್ಲಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಸರ್ಕಾರ ಕೊಟ್ಟ ಬೂಟು ಅವರ ಕಾಲಿಗೆ ಎಂದೂ ಹಿಡಿಸಲಿಲ್ಲವಂತೆ. ಬಸವನ ಬಾಗೇವಾಡಿ ಕಡೆಯ ನಮ್ಮೂರಿಗೆ ಬಂದರೆ ಮೊದಲು ಕಟ್ಟೆಯ ಮೇಲೆ ಕೂತು ಬೂಟು ಕಳಚಿ, ಬೆರಳು ನೀವಿಕೊಳ್ಳುತ್ತ ಎಲ್ಲರ ಯೋಗಕ್ಷೇಮ ಕೇಳುತ್ತಿದ್ದರು. ಕುರಿ ಕಾಯುವ ನಮ್ಮ ಮನೆಗೆ ಬಂದು ಮಜ್ಜಿಗೆ ಕೇಳಿ ಕುಡಿಯುತ್ತಿದ್ದರು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಅಡಿಕೆ, ಬೈಯಲು ಬಾರದ ಪೊಲೀಸ. ಕಳ್ಳರು ಇವರನ್ನು ಕಂಡು ನಗುತ್ತಿದ್ದರೋ ಏನೋ, ನಮಗಂತೂ ಜೀವ.

ನಮ್ಮಪ್ಪನ ಬಳಿ ತೋಳ ಬೆದರಿಸಲು ಒಂದು ಹಳೆಯ ಮದ್ದಿನ ಬಂದೂಕಿತ್ತು. ಅದಕ್ಕೆ ಲೈಸೆನ್ಸೂ ಇತ್ತು. ಎಪ್ಪತ್ತರ ದಶಕದ ನಡುವೆ, ಒಂದು ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ಲೈಸೆನ್ಸು ಅವನೊಂದಿಗೇ ಮುಗಿಯಿತು, ಬಂದೂಕನ್ನು ಠಾಣೆಗೆ ಒಪ್ಪಿಸಿ ನನ್ನ ಹೆಸರಿಗೆ ಹೊಸದು ಕೇಳಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ವರ್ಷ ತುಂಬುವವರೆಗೆ ಸಾವಿನ ಮನೆಯಲ್ಲಿ ಹಬ್ಬ ಮಾಡುವುದಿಲ್ಲ. ಆದರೆ ಖಂಡೇನವಮಿಯ ದಿನ ಆಯುಧ ಪೂಜೆಯಿಲ್ಲದೆ ಉಳಿಯಬಾರದಲ್ಲ! ಬಂದೂಕನ್ನು ನಮ್ಮೂರ ಗೌಡರ ವಾಡೆಗೆ ಒಯ್ದು ಅವರ ಆಯುಧಗಳ ಸಾಲಿನಲ್ಲಿ ಇಟ್ಟು, ಬದಿಗೆ ನಿಂತೆ.

ಅಲ್ಲಿಗೆ ಊಟಕ್ಕೆ ಬಂದಿದ್ದ ಫೌಜದಾರರು, ಅಂದರೆ ಜಮಾದಾರರ ಮೇಲಧಿಕಾರಿ, ಅದು ಯಾರದೆಂದು ಕೇಳಿದರು. ಸತ್ತವನದು ಎಂದು ತಿಳಿದೊಡನೆ ಜಪ್ತಿ ಮಾಡಲು ಜೊತೆಗೆ ಬಂದಿದ್ದ ಜಮಾದಾರರಿಗೆ ಹೇಳಿದರು. ಪಕ್ಕದಲ್ಲೇ ಗೌಡರ ಎರಡು ಬಂದೂಕು ಕುಂಕುಮ ಹಚ್ಚಿಕೊಂಡು ಕೂತಿದ್ದವು. ಅವಕ್ಕೆ ಎಂದೂ ಲೈಸೆನ್ಸು ಇರಲಿಲ್ಲವೆಂದು ಊರಿಗೇ ಗೊತ್ತು. ಫೌಜದಾರರು ಅವು ಹಿರಿಯರ ಕಾಲದ ಪೂಜೆಯ ಸಾಮಾನು ಎಂದು ಕೈಮುಗಿದರು. ನನಗೆ ಮೈಯೆಲ್ಲ ಉರಿಯಿತು. ಪೂಜೆಗಿಟ್ಟದ್ದನ್ನು ದಶಮಿ ಮುಗಿಯುವ ತನಕ ಎತ್ತಬಾರದು ಎಂದಷ್ಟೇ ಹೇಳಿದ ಜಮಾದಾರರು, ಬನ್ನಿ ಹಂಚಿಕೊಂಡ ಮರುದಿನ ನಮ್ಮ ಮನೆಗೆ ಬಂದು, ನಾನು ವಾಡೆಯಿಂದ ತಂದಿಟ್ಟಿದ್ದ ಬಂದೂಕು ಒಯ್ದರು. ನಾನು ಮಜ್ಜಿಗೆ ಕೊಡಲಿಲ್ಲ, ಅವರೂ ಕೇಳಲಿಲ್ಲ.

ಹೊಸ ಲೈಸೆನ್ಸಿಗೆ ಅರ್ಜಿಯನ್ನು ಅವರೇ ಬರೆಸಿಕೊಟ್ಟರು. ಅದು ವಿಜಾಪುರಕ್ಕೆ ಹೋಗಿ ಕೂತುಬಿಟ್ಟಿತು. ಚಳಿ ಬಿತ್ತು, ತೋಳಗಳು ಕುರಿದಡ್ಡಿಯ ಸುತ್ತ ಸುಳಿಯತೊಡಗಿದವು. ಆ ಹಿಂಡು ಹೋದರೆ ನಮ್ಮ ಮನೆಗೆ ಬೇರೆ ಅನ್ನವಿರಲಿಲ್ಲ. ಒಂದು ಸಂಜೆ ಜಮಾದಾರರು ಲಾಠಿ, ಕಂಬಳಿ ಹಿಡಿದು ದಡ್ಡಿಗೇ ಬಂದರು. ಆಮೇಲೆ ಡ್ಯೂಟಿ ಇಲ್ಲದಾಗಲೆಲ್ಲ ಬಂದರು. ಬೆಂಕಿ ಹಾಕಿ, ಖಾಲಿ ಡಬ್ಬ ಬಡಿದು ತೋಳ ಓಡಿಸಿದರು. ಯಾರನ್ನೂ ಬೈಯದವರು ತೋಳವನ್ನು ಬಾಯಿ ತುಂಬ ಬೈದರು.

ನಾನು ಸಿಟ್ಟಿನಲ್ಲೇ ಕೇಳಿಬಿಟ್ಟೆ. "ಗೌಡರ ಬಂದೂಕ ಯಾಕ ಒಯ್ಯಲಿಲ್ರಿ, ಜಮಾದಾರ್ರ?"

ಅವರು ಬೆಂಕಿ ಕೆದಕುತ್ತ ಹೇಳಿದರು.

"ಅವಕ್ಕ ಕೈ ಹಚ್ಚಾಕ ನನಗ ಧೈರ್ಯ ಸಾಲಲಿಲ್ಲ, ತಮ್ಮಾ. ನಿಂದು ಹಗುರ ಇತ್ತು, ಒಯ್ದೆ. ಕಾಯ್ದೆ ಪ್ರಕಾರ ತಪ್ಪೇನಿಲ್ಲ. ಆದ್ರ ಮನ್ಯಾಗ ನಿದ್ದಿ ಬರವಲ್ದು."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಒಬ್ಬ ಪೊಲೀಸ ನನ್ನಂಥವನ ಮುಂದೆ ಹಾಗೆ ಹೇಳಬಲ್ಲ ಎಂದು ನಾನು ಎಣಿಸಿರಲಿಲ್ಲ.

ಲೈಸೆನ್ಸು ಬಂದು ಬಂದೂಕು ನನ್ನ ಕೈ ಸೇರುವ ಹೊತ್ತಿಗೆ ಅವರು ನಿವೃತ್ತರಾಗಿ ಮುದ್ದೇಬಿಹಾಳ ಕಡೆಯ ತಮ್ಮ ಊರಿಗೆ ಹೋಗಿದ್ದರು. ತೀರಿಕೊಂಡ ಸುದ್ದಿ ಬಂದಾಗ ನಾನು ಕುರಿಯೊಂದಿಗೆ ಹೊಳೆಯ ಆಚೆಗಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ. ಆ ಸಂಕಟ ಇನ್ನೂ ಇದೆ. ಗೌಡರ ಬಂದೂಕುಗಳಿಗೆ ಆಮೇಲೂ ಯಾರೂ ಕೈ ಹಚ್ಚಲಿಲ್ಲ. ಆದರೆ ಆ ಚಳಿಗಾಲದಲ್ಲಿ ತೋಳ ನಮ್ಮ ಒಂದು ಮರಿಯನ್ನೂ ಒಯ್ಯಲಿಲ್ಲ. ಇಂದು ನನ್ನ ಮಕ್ಕಳು ಮೇಯಿಸುವ ಹಿಂಡೆಲ್ಲ ಆ ಮರಿಗಳ ಸಂತಾನವೇ.